ಮೊದಲ ಹಿಮಾಲಯ ಚಾರಣಕ್ಕೆ ಚಂದ್ರಶಿಲಾ: ಐದು ದಿನ ಇಟ್ಟುಕೊಳ್ಳಿ, ನಿಧಾನವಾಗಿ ಹತ್ತಿ

ಚಂದ್ರಶಿಲಾ ಹತ್ತೋಕೆ ಎಷ್ಟು ದಿನ ಬೇಕು ಅಂತ ಕೇಳಿದರೆ ಜಾಸ್ತಿ ಜನ ಎರಡು ದಿನ ಸಾಕು ಅನ್ನುತ್ತಾರೆ. ನಾನು ಋಷಿಕೇಶ ಬಿಟ್ಟು ಋಷಿಕೇಶಕ್ಕೆ ವಾಪಸ್ ಬರಲು ಐದು ದಿನ ಇಟ್ಟುಕೊಳ್ಳಿ ಅನ್ನುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಮೊದಲ ಸಲ ನಾನು ಹೋದಾಗ ದೆಹಲಿಯಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಋಷಿಕೇಶದಲ್ಲಿ ಇಳಿದು, ಅಲ್ಲೇ ಜೀಪು ಹಿಡಿದು, ಹತ್ತುವ ದಾರಿ ಶುರುವಾಗುವ ಚೋಪ್ತಾವನ್ನು ಸಂಜೆ ಸೇರಿ, ಮರುದಿನ ಬೆಳಗಿನ ಜಾವ ಮೂರೂವರೆಗೆ ಟಾರ್ಚು ಹಿಡಿದುಕೊಂಡು ಹೊರಟುಬಿಟ್ಟೆ. ನಿದ್ದೆ ಇಲ್ಲ, ಸರಿಯಾಗಿ ನೀರೂ ಕುಡಿದಿರಲಿಲ್ಲ. ತುಂಗನಾಥ ದೇವಸ್ಥಾನ ಮುಟ್ಟುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ವಾಂತಿ ಆಯ್ತು. ತುದಿ ಕಣ್ಣೆದುರಿಗೇ ಇತ್ತು, ಇನ್ನು ಒಂದೂವರೆ ಕಿಲೋಮೀಟರ್ ಅಷ್ಟೇ, ಆದರೆ ಇಳಿಯಲೇಬೇಕಾಯಿತು. ಎರಡು ವರ್ಷ ಬಿಟ್ಟು ಅಮ್ಮನನ್ನು ಕರೆದುಕೊಂಡು ಹೋದೆ. ಅಮ್ಮನಿಗೆ ಆಗ 57 ವರ್ಷ, ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ನಡೆಯೋದು ಬಿಟ್ಟರೆ ಬೇರೆ ಅಭ್ಯಾಸ ಇರಲಿಲ್ಲ. ಅವರು ತುದಿ ಮುಟ್ಟಿದರು, ನಗುನಗುತ್ತಲೇ ಇಳಿದರು. ದಾರಿ ಅದೇ, ಎತ್ತರ ಅದೇ. ಎರಡನೇ ಸಲ ನಾವು ಮಾಡಿದ ಬದಲಾವಣೆ ಅಂದರೆ ಮೆಲ್ಲಗೆ ಹೋಗಿದ್ದು, ಒಂದು ದಿನ ಜಾಸ್ತಿ ಇಟ್ಟುಕೊಂಡಿದ್ದು. ಈ ಬರಹದಲ್ಲಿ ಬರೋದೆಲ್ಲ ಆ ಎರಡನೇ ಸಲದ ಲೆಕ್ಕ.

ಇದು ಎಲ್ಲಿದೆ, ಯಾಕೆ ಇದೇ

ಉತ್ತರಾಖಂಡದ ಗಢವಾಲ್ ಭಾಗದ ರುದ್ರಪ್ರಯಾಗ ಜಿಲ್ಲೆಯಲ್ಲಿದೆ. ನಾಲ್ಕು ಜಾಗ ನೆನಪಿಟ್ಟುಕೊಳ್ಳಿ. ಸಾರಿ ಎಂಬ ಹಳ್ಳಿಯ ಮೇಲಿರುವ ದೇವರಿಯಾ ತಾಲ್ ಅನ್ನುವ ಕೆರೆ, ಸುಮಾರು 2,400 ಮೀಟರ್ ಎತ್ತರ. ರಸ್ತೆ ಪಕ್ಕದ ಚೋಪ್ತಾ, ಸುಮಾರು 2,700 ಮೀಟರ್. ಅಲ್ಲಿಂದ ಮೂರೂವರೆ ನಾಲ್ಕು ಕಿಲೋಮೀಟರ್ ಹತ್ತಿದರೆ ಶಿವನ ಐದು ಕ್ಷೇತ್ರಗಳಾದ ಪಂಚಕೇದಾರಗಳಲ್ಲಿ ಒಂದಾದ ತುಂಗನಾಥ, ಸುಮಾರು 3,500 ಮೀಟರ್. ಅದರ ತಲೆಯ ಮೇಲೆ ಚಂದ್ರಶಿಲಾ ತುದಿ, ಹತ್ತಿರ ಹತ್ತಿರ 3,700 ಮೀಟರ್. ಹೋಲಿಕೆಗೆ ಹೇಳಬೇಕೆಂದರೆ ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಎರಡನೇ ದಿನ ನೋಡುವ ಕೆರೆಯೇ ಕರ್ನಾಟಕದ ಅತಿ ಎತ್ತರದ ಬೆಟ್ಟಕ್ಕಿಂತ ಮೇಲಿದೆ.

ಮೊದಲ ಸಲದವರಿಗೆ ನಾನು ಇದನ್ನೇ ಹೇಳೋಕೆ ಮುಖ್ಯ ಕಾರಣ, ಇಲ್ಲಿ ಎಲ್ಲಿಂದ ಬೇಕಾದರೂ ವಾಪಸ್ ಬರಬಹುದು. ದೇವಸ್ಥಾನದವರೆಗೆ ಕಲ್ಲು ಹಾಸಿದ ದಾರಿ ಇದೆ, ಯಾತ್ರೆಯ ತಿಂಗಳುಗಳಲ್ಲಿ ನಡುವೆ ಚಹಾ ಅಂಗಡಿಗಳು ಇರುತ್ತವೆ, ಕುದುರೆಗಳು ಸಿಗುತ್ತವೆ. ಮೈಗೆ ಸರಿಹೋಗಲಿಲ್ಲ ಅಂದರೆ ಒಂದೆರಡು ಗಂಟೆಯಲ್ಲಿ ರಸ್ತೆಗೆ ಇಳಿದುಬಿಡಬಹುದು. ಎರಡು ಮೂರು ದಿನದ ದಾರಿಯಾಚೆ ಡೇರೆಯಲ್ಲಿ ಮಲಗುವ ಚಾರಣಗಳಲ್ಲಿ ಈ ಅನುಕೂಲ ಇಲ್ಲ.

ಯಾವಾಗ ಹೋಗಬೇಕು

ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ಭಾಗದವರೆಗೆ. ನನ್ನನ್ನು ಕೇಳಿದರೆ ಅಕ್ಟೋಬರ್. ಮಳೆ ತೊಳೆದಿಟ್ಟ ಆಕಾಶ, ಹಿಮಶಿಖರಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ, ಯಾತ್ರೆಯ ಜನ ಕಡಿಮೆ. ಹೂವು ನೋಡಬೇಕು ಅನ್ನುವವರು ಏಪ್ರಿಲ್‌ನಲ್ಲಿ ಹೋಗಿ. ಚೋಪ್ತಾ ಸುತ್ತಲಿನ ಕಾಡಿನಲ್ಲಿ ಬುರಾಂಶ್ ಮರಗಳು ಕೆಂಪಗೆ ಹೂ ಬಿಟ್ಟಿರುತ್ತವೆ. ಅದು ಉತ್ತರಾಖಂಡದ ರಾಜ್ಯ ಮರ, ಆ ಹೂವಿನ ಶರಬತ್ತನ್ನು ದಾರಿಯುದ್ದಕ್ಕೂ ಮಾರುತ್ತಾರೆ. ಆದರೆ ಏಪ್ರಿಲ್‌ನಲ್ಲಿ ಮೇಲೆ ಇನ್ನೂ ಹಿಮ ಉಳಿದಿರಬಹುದು, ದೇವಸ್ಥಾನದ ಬಾಗಿಲೂ ತೆರೆದಿರುವುದಿಲ್ಲ. ಬಾಗಿಲು ತೆರೆಯೋದು ಹೆಚ್ಚಾಗಿ ಮೇ ತಿಂಗಳಲ್ಲಿ, ಮುಚ್ಚೋದು ದೀಪಾವಳಿಯ ಆಸುಪಾಸು. ಚಳಿಗಾಲದಲ್ಲಿ ಉತ್ಸವ ಮೂರ್ತಿಯನ್ನು ಕೆಳಗಿನ ಮಕ್ಕೂಮಠಕ್ಕೆ ತರುತ್ತಾರೆ.

ಜುಲೈ, ಆಗಸ್ಟ್ ಬೇಡವೇ ಬೇಡ. ನಡೆಯುವ ದಾರಿಗಿಂತ ಬಸ್ಸಿನ ದಾರಿಯೇ ಅಪಾಯ, ಗುಡ್ಡ ಕುಸಿದು ರಸ್ತೆ ಬಂದ್ ಆಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಿಮ ನೋಡುವ ಆಸೆಗೆ ತುಂಬಾ ಜನ ಹೋಗುತ್ತಾರೆ. ಚೆನ್ನಾಗಿರುತ್ತದೆ ನಿಜ. ಆದರೆ ಆಗ ಕಲ್ಲುದಾರಿ ಹಿಮದಡಿ ಮುಚ್ಚಿಹೋಗಿ ಬರೀ ಜಾರುವ ಇಳಿಜಾರಾಗಿರುತ್ತದೆ, ಶೂ ಕೆಳಗೆ ಮುಳ್ಳಿನ ಸರಪಣಿ ಕಟ್ಟಿಕೊಳ್ಳಬೇಕು, ಸ್ಥಳೀಯ ಗೈಡ್ ಇಲ್ಲದೆ ಹೋಗಲೇಬಾರದು. ಮೊದಲ ಸಲಕ್ಕೆ ನಾನು ಬೇಡ ಅನ್ನುತ್ತೇನೆ.

ಎರಡು ತಿಂಗಳ ಮುಂಚೆ ಶುರು ಮಾಡಿ

ಕುಮಾರ ಪರ್ವತವನ್ನು ಕುಕ್ಕೆ ಕಡೆಯಿಂದ ಹತ್ತಿ ಇಳಿದವರಿಗೆ ಕಾಲಿನ ಮಟ್ಟಿಗೆ ಚಂದ್ರಶಿಲಾ ಸುಲಭ. ಕಷ್ಟ ಇರೋದು ಉಸಿರಿನಲ್ಲಿ. ಚಂದ್ರಶಿಲಾ ತುದಿಯ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಶೇ 60ರ ಆಸುಪಾಸು. ಆ ಎತ್ತರಕ್ಕೆ ಬೆಂಗಳೂರಿನಲ್ಲಿ ಕೂತು ಮೈಯನ್ನು ಒಗ್ಗಿಸೋಕೆ ಆಗೋದಿಲ್ಲ, ಆದರೆ ಹೃದಯ, ಶ್ವಾಸಕೋಶ, ಮಂಡಿ ಮೂರನ್ನೂ ಗಟ್ಟಿ ಮಾಡಿಕೊಳ್ಳಬಹುದು.

ವಾರಕ್ಕೆ ನಾಲ್ಕು ದಿನ ಬಿರುಸಾಗಿ ನಡೆಯಿರಿ ಅಥವಾ ನಿಧಾನವಾಗಿ ಓಡಿ. ಐದು ಕಿಲೋಮೀಟರನ್ನು ನಿಲ್ಲದೆ 40 ನಿಮಿಷದಲ್ಲಿ ಮುಗಿಸುವಂತಾದರೆ ಸಾಕು. ಓಡೋಕೆ ಆಗದವರು ಒಂದು ಗಂಟೆ ನಿಲ್ಲದೆ ನಡೆಯುವ ಅಭ್ಯಾಸ ಮಾಡಿ, ಅಮ್ಮ ಮಾಡಿದ್ದು ಅದನ್ನೇ. ಇನ್ನೆರಡು ದಿನ ಮೆಟ್ಟಿಲು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಇವೆ, ಅದಕ್ಕಿಂತ ಒಳ್ಳೆ ಅಭ್ಯಾಸ ಬೇರೆ ಬೇಡ. ಬೆಂಗಳೂರಿನವರು ಭಾನುವಾರ ಶಿವಗಂಗೆಗೋ ನಂದಿ ಬೆಟ್ಟದ ಮೆಟ್ಟಿಲ ದಾರಿಗೋ ಹೋಗಿ, ಬೆನ್ನ ಮೇಲೆ ಐದು ಕಿಲೋ ಚೀಲ ಹಾಕಿಕೊಂಡು. ಏನೂ ಇಲ್ಲದಿದ್ದರೆ ಅಪಾರ್ಟ್‌ಮೆಂಟಿನ ಲಿಫ್ಟ್ ಬಿಟ್ಟುಬಿಡಿ. ಒಂದು ಮಾತು: ಮೆಟ್ಟಿಲು ಹತ್ತಿ ಲಿಫ್ಟಿನಲ್ಲಿ ಇಳಿಯಬೇಡಿ. ಇಳಿಯೋದನ್ನೂ ಅಭ್ಯಾಸ ಮಾಡಿ, ಯಾಕೆಂದರೆ ಚಂದ್ರಶಿಲಾದಲ್ಲಿ ಮಂಡಿ ನೋಯೋದು ಇಳಿಯುವಾಗಲೇ.

ಬಿಪಿ, ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇರುವವರು ಟಿಕೆಟ್ ಮಾಡಿಸುವ ಮೊದಲೇ ಡಾಕ್ಟರ್ ಹತ್ತಿರ ಹೋಗಿ. ಎತ್ತರದ ಕಾಯಿಲೆಗೆ ಡಯಾಮಾಕ್ಸ್ ಅನ್ನುವ ಮಾತ್ರೆ ತಗೋಬೇಕಾ ಬೇಡ್ವಾ ಅನ್ನೋದನ್ನೂ ಅವರನ್ನೇ ಕೇಳಿ. ಸಲ್ಫಾ ಔಷಧಿ ಆಗದವರಿಗೆ ಅದು ತೊಂದರೆ ಕೊಡಬಹುದು, ಹಾಗಾಗಿ ಗೆಳೆಯರು ಕೊಟ್ಟರು ಅಂತ ಸುಮ್ನೆ ನುಂಗಬೇಡಿ.

ಚೀಲದಲ್ಲಿ ಏನಿರಬೇಕು

ಶೂ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಖರ್ಚು ಮಾಡಬೇಕಾದ್ದು ಅದೊಂದಕ್ಕೆ. ಅಡಿಯಲ್ಲಿ ಹಿಡಿತ ಚೆನ್ನಾಗಿರುವ, ಹಿಮ್ಮಡಿಯ ಗಂಟನ್ನು ಮುಚ್ಚುವ ಚಾರಣದ ಶೂ ತಗೊಳ್ಳಿ, ನಿಮ್ಮ ಅಳತೆಗಿಂತ ಅರ್ಧ ಸೈಜ್ ದೊಡ್ಡದು ಇರಲಿ, ದಪ್ಪ ಸಾಕ್ಸ್ ಹಾಕಿಕೊಂಡೇ ಅಂಗಡಿಯಲ್ಲಿ ಹಾಕಿ ನೋಡಿ. ಹೊರಡುವ ಮೂರು ವಾರ ಮೊದಲಿನಿಂದ ದಿನಾ ಅದನ್ನೇ ಹಾಕಿ ಓಡಾಡಿ. ಹೊಸ ಶೂ ಪೆಟ್ಟಿಗೆಯಿಂದ ತೆಗೆದು ನೇರ ಬೆಟ್ಟಕ್ಕೆ ಹಾಕಿಕೊಂಡು ಹೋದರೆ ಮೊದಲ ದಿನವೇ ಗುಳ್ಳೆ ಏಳುತ್ತದೆ.

ಬಟ್ಟೆಯ ಲೆಕ್ಕ ಸುಲಭ, ಒಂದು ದಪ್ಪ ಜಾಕೆಟ್ಟಿಗಿಂತ ಮೂರು ತೆಳು ಪದರ ಮೇಲು. ಮೈಗಂಟಿದ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ನಡೆಯುವಾಗ ಬೆವರುತ್ತೀರಿ, ಬಿಚ್ಚಿ. ನಿಂತಾಗ ಐದೇ ನಿಮಿಷಕ್ಕೆ ಚಳಿ ಹಿಡಿಯುತ್ತದೆ, ಹಾಕಿ. ಜೀನ್ಸ್ ಬೇಡ, ಹತ್ತಿ ಬನಿಯನ್ನೂ ಬೇಡ. ಒದ್ದೆಯಾದ ಹತ್ತಿ ಬೇಗ ಒಣಗೋದಿಲ್ಲ, ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಮಂಕಿ ಟೋಪಿ, ಕೈಗವಸು, ಮೂರು ಜೊತೆ ಸಾಕ್ಸ್, ಮಳೆಕೋಟು, ಹಣೆಗೆ ಕಟ್ಟುವ ಟಾರ್ಚು, ಕಪ್ಪು ಕನ್ನಡಕ, ಎರಡು ಲೀಟರ್ ನೀರು ಹಿಡಿಯುವ ಬಾಟಲಿಗಳು, ಒಂದು ಊರುಗೋಲು. ಮಂಡಿ ನೋವಿದ್ದರೆ ಎರಡು ಊರುಗೋಲು. ಜಾಕೆಟ್ಟು, ಕೋಲು ಬಾಡಿಗೆಗೂ ಸಿಗುತ್ತವೆ, ಒಂದು ಸಲದ ಚಾರಣಕ್ಕೆ ಎಲ್ಲವನ್ನೂ ಕೊಳ್ಳಬೇಕಾಗಿಲ್ಲ.

ತಿನ್ನೋಕೆ ಮನೆಯಿಂದಲೇ ಕಡಲೆ ಮಿಠಾಯಿ, ಹುರಿಗಡಲೆ, ಒಣದ್ರಾಕ್ಷಿ, ಕೋಡುಬಳೆ ಒಯ್ಯಿರಿ. ಎತ್ತರದಲ್ಲಿ ಹಸಿವು ಕಡಿಮೆಯಾಗುತ್ತದೆ, ಆಗ ಹೊಸ ರುಚಿ ಸೇರೋದಿಲ್ಲ, ಮನೆಯ ತಿಂಡಿ ಮಾತ್ರ ಗಂಟಲಲ್ಲಿ ಇಳಿಯುತ್ತದೆ. ಒಂದು ಸಣ್ಣ ಡಬ್ಬಿ ಚಟ್ನಿಪುಡಿ ಇದ್ದರೆ ಢಾಬಾದ ಅನ್ನ ದಾಲ್‌ಗೂ ಊರಿನ ರುಚಿ ಬರುತ್ತದೆ. ಓಆರ್‌ಎಸ್ ಪೊಟ್ಟಣ ನಾಲ್ಕಾದರೂ ಇರಲಿ. ಕೊಬ್ಬರಿ ಎಣ್ಣೆ ಒಯ್ಯುವವರು ಬಾಟಲಿಯಲ್ಲಿ ಒಯ್ಯಬೇಡಿ, ಅಲ್ಲಿ ಅದು ಕಲ್ಲಾಗಿರುತ್ತದೆ. ಬಾಯಿ ಅಗಲದ ಡಬ್ಬಿಯಲ್ಲಿ ಹಾಕಿಕೊಂಡರೆ ಬೆರಳಿನಲ್ಲಿ ಕೆರೆದು ತುಟಿಗೂ ಹಿಮ್ಮಡಿಗೂ ಹಚ್ಚಬಹುದು.

ಹೊರಡುವ ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿ. ಸಣ್ಣ ವಿಷಯ ಅನ್ನಿಸುತ್ತದೆ ಅಲ್ವಾ? ಇಳಿಯುವಾಗ ಪ್ರತಿ ಹೆಜ್ಜೆಗೂ ಬೆರಳು ಶೂ ತುದಿಗೆ ಬಡಿಯುತ್ತದೆ, ಉದ್ದ ಉಗುರು ಇದ್ದರೆ ಕೆಳಗೆ ಬರುವಷ್ಟರಲ್ಲಿ ಕಪ್ಪಾಗಿರುತ್ತದೆ.

ಮೊದಲ ದಿನ: ಋಷಿಕೇಶದಿಂದ ಸಾರಿ

ಬೆಂಗಳೂರಿನಿಂದ ದೆಹಲಿಗೆ ಬಂದು ಅಲ್ಲಿಂದ ರೈಲಿನಲ್ಲಿ ಹರಿದ್ವಾರಕ್ಕೆ ಬರಬಹುದು, ಇಲ್ಲವೇ ವಿಮಾನದಲ್ಲಿ ಡೆಹ್ರಾಡೂನಿನ ಜಾಲಿ ಗ್ರಾಂಟ್‌ಗೆ ಬಂದರೆ ಋಷಿಕೇಶ ಅಲ್ಲಿಂದ ತುಂಬಾ ಹತ್ತಿರ. ಹೇಗೆ ಬಂದರೂ ಆ ರಾತ್ರಿ ಋಷಿಕೇಶದಲ್ಲಿ ಮಲಗಿ. ಗುಡ್ಡದ ಬಸ್ಸು, ಶೇರ್ ಜೀಪುಗಳು ಬೆಳಗಿನ ಜಾವವೇ ಹೊರಡುತ್ತವೆ, ಹತ್ತು ಗಂಟೆಗೆ ಹೋಗಿ ನಿಂತರೆ ಸಿಗೋದಿಲ್ಲ.

ಸಾರಿ ಹಳ್ಳಿಗೆ ಹೋಗುವ ದಾರಿಯಲ್ಲಿರುವ ಊಖೀಮಠ ಊರಿಗೆ ಋಷಿಕೇಶದಿಂದ 180 ಕಿಲೋಮೀಟರ್ ಆಸುಪಾಸು, ಆದರೆ ಏಳೆಂಟು ಗಂಟೆ ಹಿಡಿಯುತ್ತದೆ. ದೇವಪ್ರಯಾಗದಲ್ಲಿ ಭಾಗೀರಥಿ, ಅಲಕನಂದಾ ಸೇರಿ ಗಂಗೆ ಆಗೋದನ್ನು ರಸ್ತೆಯಿಂದಲೇ ನೋಡಬಹುದು, ಎರಡು ನೀರಿನ ಬಣ್ಣ ಬೇರೆ ಬೇರೆ. ರುದ್ರಪ್ರಯಾಗದಲ್ಲಿ ಅಲಕನಂದಾ ಬಿಟ್ಟು ಮಂದಾಕಿನಿ ಜೊತೆ ಮೇಲೆ ಹೋಗುತ್ತೀರಿ. ಕುಂಡ ಅನ್ನುವಲ್ಲಿ ಕೇದಾರನಾಥದ ದಾರಿ ಗುಪ್ತಕಾಶಿ ಕಡೆಗೆ ಕವಲೊಡೆಯುತ್ತದೆ, ನಮ್ಮದು ಊಖೀಮಠ ಕಡೆಗೆ. ತಿರುವುಗಳಿಗೆ ಹೊಟ್ಟೆ ತೊಳಸುವವರು ಹೊರಡುವ ಮೊದಲೇ ವಾಂತಿ ಮಾತ್ರೆ ತಗೊಳ್ಳಿ.

ಊಖೀಮಠದಲ್ಲಿ ಅರ್ಧ ಗಂಟೆ ಇಳಿಯಿರಿ. ಎಟಿಎಂನಿಂದ ಬೇಕಾದಷ್ಟು ದುಡ್ಡು ಇಲ್ಲೇ ತೆಗೆದುಕೊಳ್ಳಿ, ಮೇಲೆ ಹೋದರೆ ನೆಟ್‌ವರ್ಕ್ ನಂಬೋಕಾಗೋದಿಲ್ಲ, ಫೋನಿನಲ್ಲಿ ದುಡ್ಡು ಕಳಿಸೋದೂ ಆಗೋದಿಲ್ಲ. ಮತ್ತೆ, ಓಂಕಾರೇಶ್ವರ ದೇವಸ್ಥಾನ ನೋಡದೆ ಹೋಗಬೇಡಿ. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯೋದು ಇಲ್ಲಿ. ಬಾಳೆಹೊನ್ನೂರಿನ ರಂಭಾಪುರಿ ಪೀಠದ ಹಾಗೇ ವೀರಶೈವ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠವೂ ಈ ಊರಲ್ಲೇ ಇದೆ. ಕೇದಾರನಾಥದ ಪ್ರಧಾನ ಗುರುಗಳಾದ ರಾವಲ್‌ಗಳು ವೀರಶೈವ ಪರಂಪರೆಯವರು, ಕರ್ನಾಟಕದ ಜೊತೆ ಈ ನಂಟು ಹಳೆಯದು. ಅಮ್ಮ ಅಂಗಳದಲ್ಲಿ ಕೂತು ಆ ಕೆತ್ತನೆಯ ಬಾಗಿಲುಗಳನ್ನು ತುಂಬಾ ಹೊತ್ತು ನೋಡಿದರು. ಇಷ್ಟು ದೂರ ಬಂದರೂ ಹೊರಗಿನವಳು ಅನ್ನಿಸುತ್ತಿಲ್ಲ ಅಂದರು.

ಅಲ್ಲಿಂದ ಸಾರಿ ಹಳ್ಳಿಗೆ ಹೋಗಿ ಯಾರದಾದರೂ ಮನೆಯಲ್ಲಿ ಉಳಿದುಕೊಳ್ಳಿ. ಹಳ್ಳಿಯಲ್ಲಿ ಹೋಮ್‌ಸ್ಟೇಗಳು ಬೇಕಾದಷ್ಟಿವೆ. ಮನೆಯ ಹೆಂಗಸರನ್ನು ದೀದಿ ಅನ್ನಿ, ಗಂಡಸರನ್ನು ಭೈಜಿ ಅನ್ನಿ, ಊಟಕ್ಕೆ ಮಂಡುವಾ ರೋಟಿ ಮಾಡಿಕೊಡ್ತೀರಾ ಅಂತ ಕೇಳಿ. ಮಂಡುವಾ ಅಂದರೆ ನಮ್ಮ ರಾಗಿ. ಒಲೆಯ ಮೇಲೆ ಕೈಯಲ್ಲೇ ತಟ್ಟಿ ಹಾಕಿದ ಕಪ್ಪು ರೊಟ್ಟಿ, ಮೇಲೊಂದು ಚಮಚ ತುಪ್ಪ, ಪಕ್ಕದಲ್ಲಿ ಬೆಲ್ಲ. ಮೆನುವಿನಲ್ಲಿ ಇರೋದಿಲ್ಲ, ಕೇಳಿದರೆ ಖುಷಿಯಿಂದ ಮಾಡುತ್ತಾರೆ.

ಎರಡನೇ ದಿನ: ದೇವರಿಯಾ ತಾಲ್

ಸಾರಿಯಿಂದ ಕೆರೆಗೆ ಎರಡೂವರೆ ಮೂರು ಕಿಲೋಮೀಟರ್ ಅಷ್ಟೇ. ಬೆಳಿಗ್ಗೆ ಆರಕ್ಕೆ ಹೊರಟರೆ ಎರಡು ಗಂಟೆಯಲ್ಲಿ ಮೇಲೆ ಇರುತ್ತೀರಿ. ಬೇಗ ಹೋಗಬೇಕು, ಗಾಳಿ ಏಳುವ ಮೊದಲು. ಆಗ ಕೆರೆಯ ನೀರು ಕನ್ನಡಿಯಂತೆ ನಿಂತಿರುತ್ತದೆ, 7,138 ಮೀಟರಿನ ಚೌಖಂಬಾ ಪೂರ್ತಿ ತಲೆಕೆಳಗಾಗಿ ಅದರಲ್ಲಿ ಕಾಣುತ್ತದೆ. ಯಕ್ಷ ಪಾಂಡವರಿಗೆ ಪ್ರಶ್ನೆ ಹಾಕಿದ ಕೆರೆ ಇದೇ ಅಂತ ಇಲ್ಲಿನವರು ನಂಬುತ್ತಾರೆ. ನಾವು ಹೋದಾಗ ಒಬ್ಬ ಹುಡುಗ ಸಣ್ಣ ಕಲ್ಲು ಎಸೆದ, ಬೆಟ್ಟ ಪೂರ್ತಿ ನಡುಗಿ ಮಾಯವಾಯಿತು, ಮತ್ತೆ ಕೂಡಿಕೊಳ್ಳೋಕೆ ಎರಡು ನಿಮಿಷ ಹಿಡಿಯಿತು. ದಯವಿಟ್ಟು ಕಲ್ಲು ಎಸೆಯಬೇಡಿ.

ಇದು ಸುಮ್ನೆ ಸುತ್ತಾಟದ ದಿನ ಅಂದುಕೊಂಡು ಬಿಟ್ಟುಬಿಡಬೇಡಿ. ಮೈ ಎತ್ತರಕ್ಕೆ ಒಗ್ಗಿಕೊಳ್ಳೋದು ಈ ದಿನವೇ. ಇಲ್ಲಿಂದ ಕಾಡಿನೊಳಗೆ ರೋಹಿಣಿ ಬುಗ್ಯಾಲ್ ದಾಟಿ ಚೋಪ್ತಾಕ್ಕೆ ನಡೆದೇ ಹೋಗುವ ದಾರಿಯೂ ಇದೆ, ಇಡೀ ದಿನದ ನಡಿಗೆ, ಗೈಡ್ ಬೇಕು. ಮೊದಲ ಸಲದವರು ಸಾರಿ ಹಳ್ಳಿಗೆ ಇಳಿದು ಊಟ ಮಾಡಿ ಜೀಪಿನಲ್ಲಿ ಚೋಪ್ತಾಕ್ಕೆ ಹೋಗೋದೇ ಒಳ್ಳೆಯದು. ಬುಗ್ಯಾಲ್ ಅಂದರೆ ಎತ್ತರದ ಹುಲ್ಲುಗಾವಲು. ಅಲ್ಲಿ ಡೇರೆ ಹಾಕಿ ರಾತ್ರಿ ಉಳಿಯುವುದನ್ನು ಉತ್ತರಾಖಂಡ ಹೈಕೋರ್ಟ್ 2018ರಲ್ಲೇ ನಿಷೇಧಿಸಿದೆ, ಯಾರಾದರೂ ಹಾಕಿಕೊಡ್ತೀವಿ ಅಂದರೆ ಬೇಡ ಅನ್ನಿ.

ಚೋಪ್ತಾದಲ್ಲಿ ಕರೆಂಟಿಗೆ ಸೋಲಾರನ್ನೇ ಹೆಚ್ಚು ನಂಬಿದ್ದಾರೆ. ಬಿಸಿನೀರು ಬಕೆಟ್ ಲೆಕ್ಕದಲ್ಲಿ ಸಿಗುತ್ತದೆ. ಫೋನನ್ನು ರಾತ್ರಿ ರಜಾಯಿಯೊಳಗೆ ಇಟ್ಟುಕೊಂಡು ಮಲಗಿ, ಹೊರಗಿಟ್ಟರೆ ಚಳಿಗೆ ಬ್ಯಾಟರಿ ಇಳಿದಿರುತ್ತದೆ. ಎಂಟಕ್ಕೆಲ್ಲ ಊಟ ಮುಗಿಸಿ, ನೀರು ಚೆನ್ನಾಗಿ ಕುಡಿಯಿರಿ, ಮದ್ಯ ಸಿಗರೇಟು ಮುಟ್ಟಬೇಡಿ.

ಮೂರನೇ ದಿನ: ತುಂಗನಾಥ, ಚಂದ್ರಶಿಲಾ

ಸೂರ್ಯೋದಯ ತುದಿಯಲ್ಲೇ ನೋಡಬೇಕು ಅಂತ ಜನ ರಾತ್ರಿ ಮೂರಕ್ಕೇ ಹೊರಡುತ್ತಾರೆ. ಮೊದಲ ಸಲಕ್ಕೆ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಕತ್ತಲು, ಚಳಿ, ಅರ್ಧ ನಿದ್ದೆ, ಖಾಲಿ ಹೊಟ್ಟೆ ನಾಲ್ಕೂ ಸೇರಿದರೆ ಎತ್ತರದ ತೊಂದರೆ ಬಂದರೂ ಗೊತ್ತಾಗೋದಿಲ್ಲ. ಸುತ್ತ ಇರೋದು ಚಿರತೆ, ಕರಡಿ ಓಡಾಡುವ ಕಾಡು. ಬೆಳಕು ಹರಿಯುತ್ತಿದ್ದಂತೆ, ಐದೂವರೆ ಆರಕ್ಕೆ, ಒಂದು ಪರಾಠ ತಿಂದು ಹೊರಡಿ.

ದಾರಿ ಶುರುವಾಗೋದು ಗಂಟೆ ಕಟ್ಟಿದ ಕಮಾನಿನಿಂದ. ಮೊದಲ ಅರ್ಧ ಗಂಟೆ ಬೇಕಂತಲೇ ನಿಧಾನ ಮಾಡಿ. ಪಕ್ಕದವರ ಜೊತೆ ಮಾತಾಡಿಕೊಂಡು ನಡೆಯೋಕೆ ಆಗಬೇಕು, ವಾಕ್ಯದ ನಡುವೆ ಉಸಿರಿಗೆ ನಿಲ್ಲಬೇಕಾಗಿ ಬಂದರೆ ವೇಗ ಜಾಸ್ತಿ ಆಯ್ತು ಅಂತ ಅರ್ಥ. ಅಮ್ಮ ಐವತ್ತು ಹೆಜ್ಜೆ ಎಣಿಸಿ ನಿಂತು, ಹತ್ತು ಉಸಿರು ಎಳೆದು, ಮತ್ತೆ ಐವತ್ತು ಎಣಿಸುತ್ತಿದ್ದರು. ನಮ್ಮನ್ನು ಓಡುತ್ತಾ ದಾಟಿ ಹೋದ ಹುಡುಗರು ಮುಂದಿನ ತಿರುವಿನಲ್ಲಿ ಮಂಡಿ ಹಿಡಿದು ಬಗ್ಗಿ ನಿಂತಿರುತ್ತಿದ್ದರು. ಎತ್ತರದ ಕಾಯಿಲೆ ವಯಸ್ಸು, ಜಿಮ್ಮು ನೋಡೋದಿಲ್ಲ, ಗಟ್ಟಿಮುಟ್ಟಾದವರಿಗೂ ಬರುತ್ತದೆ, ಅವರು ಬೇಗ ಹತ್ತೋದರಿಂದ ಕೆಲವೊಮ್ಮೆ ಬೇಗನೇ ಬರುತ್ತದೆ.

ಕುದುರೆ ಬಂದಾಗ ಗುಡ್ಡದ ಕಡೆಗೆ ಸರಿದು ನಿಲ್ಲಿ, ಕಣಿವೆ ಕಡೆ ನಿಲ್ಲಬೇಡಿ. ಅರ್ಧ ಗಂಟೆಗೊಮ್ಮೆ ಎರಡು ಗುಟುಕು ನೀರು ಕುಡಿಯಿರಿ. ಹುಲ್ಲಿನ ಇಳಿಜಾರಿನಲ್ಲಿ ನವಿಲು ಬಣ್ಣದ ದಪ್ಪ ಹಕ್ಕಿ ಕಂಡರೆ ಅದು ಮೋನಾಲ್, ಇಲ್ಲಿನ ರಾಜ್ಯ ಪಕ್ಷಿ. ನಿಂತು ನೋಡಿ, ಅದೇ ನೆಪದಲ್ಲಿ ಉಸಿರೂ ಹದಕ್ಕೆ ಬರುತ್ತದೆ.

ತುಂಗನಾಥಕ್ಕೆ ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ಸಣ್ಣ ಕಲ್ಲಿನ ಗುಡಿ. ಎತ್ತಿನ ರೂಪದಲ್ಲಿ ಮಾಯವಾದ ಶಿವನ ಬಾಹುಗಳು ಇಲ್ಲಿ ಕಾಣಿಸಿಕೊಂಡವು ಅಂತ ಕಥೆ. ದರ್ಶನ ಮಾಡಿ, ಚಹಾ ಕುಡಿದು, ಒಂದು ಅರ್ಧ ಗಂಟೆ ಕೂತು ಮೈಯನ್ನು ಕೇಳಿಕೊಳ್ಳಿ. ತಲೆನೋವು, ವಾಕರಿಕೆ, ತಲೆಸುತ್ತು, ಊಟ ಬೇಡ ಅನ್ನಿಸೋದು ಇವುಗಳಲ್ಲಿ ಯಾವುದಾದರೂ ಇದ್ದರೆ ಮೇಲೆ ಹೋಗಬೇಡಿ. ವಿಶ್ರಾಂತಿ ತಗೊಂಡರೂ ಜಾಸ್ತಿಯಾದರೆ ತಕ್ಷಣ ಇಳಿಯಿರಿ. ಕೂತಲ್ಲೇ ಉಸಿರಾಡೋಕೆ ಕಷ್ಟ, ನಡಿಗೆ ತಡವರಿಸೋದು, ಮಾತು ಗೊಂದಲವಾಗೋದು ಕಂಡರೆ ಕುದುರೆ ಮೇಲಾದರೂ ಸರಿ ಇಳಿಸಿ, 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಇಳಿಯೋದೇ ಮೊದಲ ಔಷಧಿ, ಮಾತ್ರೆ ಆಮೇಲೆ.

ಗುಡಿಯಿಂದ ಮೇಲೆ ಕಲ್ಲುಹಾಸು ಇಲ್ಲ, ಮಣ್ಣು ಕಲ್ಲಿನ ಕಡಿದಾದ ಕಾಲುದಾರಿ. ಒಂದು, ಒಂದೂವರೆ ಗಂಟೆ. ತುದಿಯಲ್ಲಿ ಒಂದು ಪುಟ್ಟ ಗುಡಿ, ಸುತ್ತ ಯಾತ್ರಿಕರು ಪೇರಿಸಿಟ್ಟ ಕಲ್ಲಿನ ಗುಪ್ಪೆಗಳು, ಮತ್ತೆ ನಾಲ್ಕೂ ಕಡೆ ತೆರೆದ ಆಕಾಶ. ಚೌಖಂಬಾ, ಕೇದಾರ ಶಿಖರ, ಆ ಕಡೆ ನಂದಾದೇವಿ, ತ್ರಿಶೂಲ. ಗಾಳಿ ಜೋರಾಗಿರುತ್ತದೆ, ಹತ್ತುವಾಗ ಬಿಚ್ಚಿದ್ದ ಜಾಕೆಟ್ಟನ್ನು ಮೊದಲು ಹಾಕಿಕೊಂಡು ಆಮೇಲೆ ಫೋಟೋ ತೆಗೆಯಿರಿ.

ಮಧ್ಯಾಹ್ನ ಹನ್ನೊಂದೂವರೆ ಹನ್ನೆರಡರೊಳಗೆ ಇಳಿಯಲು ಶುರು ಮಾಡಬೇಕು, ಎಲ್ಲಿದ್ದರೂ ಸರಿ, ಅರ್ಧ ದಾರಿಯಲ್ಲಿದ್ದರೂ ಸರಿ. ಈ ಬೆಟ್ಟಗಳಲ್ಲಿ ಬೆಳಿಗ್ಗೆ ಎಷ್ಟೇ ತಿಳಿಯಾಗಿದ್ದರೂ ಮಧ್ಯಾಹ್ನದ ಮೇಲೆ ಮೋಡ ಕವಿದು ಆಲಿಕಲ್ಲು, ಗುಡುಗು ಬರೋದು ಮಾಮೂಲು. 2024ರ ಜೂನ್‌ನಲ್ಲಿ ಇದೇ ಗಢವಾಲಿನ ಸಹಸ್ರತಾಲ್‌ಗೆ ಹೋಗಿದ್ದ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಅನುಭವ ಇದ್ದವರೂ ಇದ್ದರು. ಅದು ಚಂದ್ರಶಿಲಾಗಿಂತ ಎಷ್ಟೋ ದೂರದ, ಕಠಿಣ ದಾರಿ ನಿಜ. ಆದರೆ ಹವಾಮಾನ ಬದಲಾಗುವ ರೀತಿ ಎರಡೂ ಕಡೆ ಒಂದೇ. ಅಂಗಡಿಯವರು, ಕುದುರೆಯವರು ಇವತ್ತು ಬೇಡ ಅಂದರೆ ವಾದ ಮಾಡಬೇಡಿ.

ನಾಲ್ಕನೇ ದಿನವನ್ನು ಖಾಲಿ ಇಡಿ

ಯೋಜನೆಯಲ್ಲಿ ಎಲ್ಲರೂ ಮೊದಲು ಕತ್ತರಿ ಹಾಕೋದು ಈ ದಿನಕ್ಕೆ, ದಯವಿಟ್ಟು ಹಾಕಬೇಡಿ. ಮೂರನೇ ದಿನ ಮಳೆ ಬಂದರೆ ರೂಮಿನಲ್ಲಿ ಕೂತು ನಾಲ್ಕನೇ ದಿನ ಹತ್ತಬಹುದು. ತಲೆನೋವು ಬಂದು ಇಳಿದವರು ಆ ರಾತ್ರಿ ಚೋಪ್ತಾದಲ್ಲಿ ಮಲಗಿ, ಪೂರ್ತಿ ಹುಷಾರಾದರೆ ಮತ್ತೆ ಪ್ರಯತ್ನಿಸಬಹುದು. ನಾಳೆ ಸಂಜೆ ವಿಮಾನ ಇದೆ ಅನ್ನುವವರೇ ಮಳೆಯಲ್ಲೂ ಮೇಲೆ ಹೋಗೋದು. ಎಲ್ಲ ಸರಿಯಾಗಿ ನಡೆದರೆ ಈ ದಿನ ಮಕ್ಕೂಮಠಕ್ಕೆ ಹೋಗಿಬನ್ನಿ, ಅಥವಾ ಚೋಪ್ತಾದ ದೇವದಾರು ಕಾಡಿನಲ್ಲಿ ಸುತ್ತಾಡಿ. ಮ್ಯಾಗಿ, ಬಿಸ್ಕತ್ತಿನ ಪ್ಲಾಸ್ಟಿಕ್ಕನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿ ಋಷಿಕೇಶಕ್ಕೆ ಒಯ್ಯಿರಿ, ಚೋಪ್ತಾಕ್ಕೆ ಕಸದ ಗಾಡಿ ಬರೋದಿಲ್ಲ.

ಸಂಜೆ ಊಖೀಮಠಕ್ಕೆ ಇಳಿದು ಮಲಗಿ. ಐದನೇ ದಿನದ ಬಸ್ಸು, ಜೀಪು ಬೆಳಿಗ್ಗೆ ತುಂಬಾ ಬೇಗ ಹೊರಡುತ್ತವೆ, ಹಾಗಾಗಿ ಹಿಂದಿನ ಸಂಜೆಯೇ ಸ್ಟ್ಯಾಂಡಿಗೆ ಹೋಗಿ ಡ್ರೈವರ್ ಭೈಜಿಯನ್ನು ಹುಡುಕಿ ಸೀಟು ಹೇಳಿಡಿ, ಮಂದಾಕಿನಿ ಕಾಣುವ ಕಡೆಯ ಕಿಟಕಿ ಸೀಟು.